ಟರ್ಬೊ ಮ್ಯಾನಿಫೋಲ್ಡ್: ಹೊಸದನ್ನು ಕಟ್ಟುವ ಮುನ್ನ ಅಳೆಯಬೇಕಾದದ್ದು

ಪೆಟ್ರೋಲ್ ಎಂಜಿನ್ನಿನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಗಾಲಿಗಳನ್ನು ತಲುಪದೆ, ಬಿಸಿ ಹೊಗೆಯ ರೂಪದಲ್ಲಿ ಹಿಂದಿನ ಕೊಳವೆಯಿಂದ ಹೊರಗೆ ಹೋಗಿಬಿಡುತ್ತದೆ. ಹೀಗೆ ಕೈತಪ್ಪಿ ಹೋಗುವ ಶಕ್ತಿಯ ಒಂದಂಶವನ್ನು ಹಿಡಿದು, ಅದರಿಂದ ಟರ್ಬೈನ್ ಎಂಬ ಪುಟ್ಟ ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಕಂಪ್ರೆಸರ್ ಚಕ್ರದ ಮೂಲಕ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರುಗಳಿಗೆ ತುಂಬುವ ಸಾಧನವೇ ಟರ್ಬೊಚಾರ್ಜರ್. ಹೆಚ್ಚು ಗಾಳಿ ಸೇರಿದರೆ ಹೆಚ್ಚು ಇಂಧನ ಉರಿಸಬಹುದು, ಆದ್ದರಿಂದ ಅದೇ ಗಾತ್ರದ ಎಂಜಿನ್ನಿನಿಂದ ಹೆಚ್ಚು ಶಕ್ತಿ ಪಡೆಯಬಹುದು. ಈ ವ್ಯವಸ್ಥೆಯಲ್ಲಿ ಸಿಲಿಂಡರುಗಳಿಂದ ಹೊರಬರುವ ಹೊಗೆಯನ್ನು ಒಟ್ಟುಗೂಡಿಸಿ ಟರ್ಬೈನಿನ ಬಾಯಿಗೆ ತಲುಪಿಸುವ ಕವಲುಕೊಳವೆಗೆ ಮ್ಯಾನಿಫೋಲ್ಡ್ ಎಂದು ಹೆಸರು.

ಕಾರ್ಖಾನೆಯಿಂದ ಬರುವ ಕಾರುಗಳಲ್ಲಿ ಈ ಭಾಗ ಸಾಮಾನ್ಯವಾಗಿ ಬೀಡುಕಬ್ಬಿಣದ ಎರಕವಾಗಿರುತ್ತದೆ: ದಪ್ಪ, ಗಿಡ್ಡ, ನೋಡಲು ಒರಟು. ಎಂಜಿನ್ನಿನ ಶಕ್ತಿ ಹೆಚ್ಚಿಸಲು ಹೊರಟವರ ಕಣ್ಣು ಮೊದಲು ಬೀಳುವುದು ಇದರ ಮೇಲೆಯೇ. ಇದನ್ನು ತೆಗೆದುಹಾಕಿ, ಸ್ಟೇನ್‌ಲೆಸ್ ಸ್ಟೀಲ್ ಕೊಳವೆಗಳನ್ನು ಬಾಗಿಸಿ ಬೆಸೆದು, ಆ ಒಂದು ಕಾರಿಗೆಂದೇ ಹೊಸ ಮ್ಯಾನಿಫೋಲ್ಡ್ ಕಟ್ಟಿಸುವ ರೂಢಿ ಜಪಾನ್, ಅಮೆರಿಕ, ಆಸ್ಟ್ರೇಲಿಯ, ಬ್ರಿಟನ್‌ಗಳಲ್ಲಿ ದಶಕಗಳಿಂದ ಇದೆ. ಭಾರತದ ಹವ್ಯಾಸಿಗಳಲ್ಲೂ ಅದರ ಆಸೆ ಬೆಳೆಯುತ್ತಿದೆ. ಆ ಕೆಲಸಕ್ಕೆ ಹಣ, ಸಮಯ, ನುರಿತ ಕೈ ಮೂರೂ ಬೇಕು. ಅಷ್ಟನ್ನೂ ಸುರಿದ ಮೇಲೆ ಫಲ ಸಿಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹೊಳೆಯುವ ಕೊಳವೆಗಳಲ್ಲಿ ಇಲ್ಲ, ಒತ್ತಡದ ಅಳತೆಯಲ್ಲಿ ಇದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕಾಗಿದೆ.

ಮ್ಯಾನಿಫೋಲ್ಡಿನ ಆಕಾರ ಮುಖ್ಯವೆಂಬ ತಿಳಿವಳಿಕೆ ಟರ್ಬೊಚಾರ್ಜರಿನಷ್ಟೇ ಹಳೆಯದು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಷಿ ಹೊಗೆಯ ಶಕ್ತಿಯಿಂದ ಗಾಳಿಯನ್ನು ಒತ್ತುವ ಕಲ್ಪನೆಗೆ 1905ರಲ್ಲಿ ಪೇಟೆಂಟ್ ಪಡೆದರೂ, ಅದು ನಿಜವಾಗಿ ಫಲ ಕೊಡುವಂತಾಗಲು ಸುಮಾರು ಇಪ್ಪತ್ತು ವರ್ಷ ಬೇಕಾಯಿತು. 1925ರಲ್ಲಿ ಅವರು ಪೇಟೆಂಟ್ ಪಡೆದ ಸುಧಾರಣೆಯ ತಿರುಳು ಇದ್ದದ್ದು ಹೊಗೆಕೊಳವೆಗಳ ಜೋಡಣೆಯಲ್ಲಿ: ಎಲ್ಲ ಸಿಲಿಂಡರುಗಳ ಹೊಗೆಯನ್ನು ಒಂದೇ ದೊಡ್ಡ ಕೊಳವೆಗೆ ಬಿಟ್ಟು ಒತ್ತಡವನ್ನು ಸಮಗೊಳಿಸುವ ಬದಲು, ಒಂದಕ್ಕೊಂದು ಅಡ್ಡಿಯಾಗದ ಸಿಲಿಂಡರುಗಳನ್ನು ಗುಂಪು ಮಾಡಿ, ಪ್ರತಿ ಗುಂಪಿಗೂ ಪ್ರತ್ಯೇಕವಾದ ಸಣ್ಣ ಕೊಳವೆ ಕೊಟ್ಟು, ಹೊಗೆಯ ಒಂದೊಂದು ಬಡಿತವೂ ತನ್ನ ಬಿರುಸನ್ನು ಉಳಿಸಿಕೊಂಡೇ ಟರ್ಬೈನನ್ನು ಮುಟ್ಟುವಂತೆ ಮಾಡಲಾಯಿತು. ಆ ದಶಕದಲ್ಲಿ ಬ್ಯೂಷಿಯವರ ವ್ಯವಸ್ಥೆಯನ್ನು ಅಳವಡಿಸಿಕೊಂಡ ‘ಪ್ರಾಯ್ಸನ್’ ಮತ್ತು ‘ಹಾನ್ಸಸ್ಟಾಟ್ ಡಾನ್‌ಜಿಗ್’ ಎಂಬ ಜರ್ಮನಿಯ ಪ್ರಯಾಣಿಕ ಹಡಗುಗಳ 10 ಸಿಲಿಂಡರಿನ ಡೀಸೆಲ್ ಎಂಜಿನ್ನುಗಳ ಶಕ್ತಿ 1750 ಅಶ್ವಶಕ್ತಿಯಿಂದ 2500ಕ್ಕೆ ಏರಿತು. ಇಂದು ರೇಸ್ ಕಾರಿನ ಮ್ಯಾನಿಫೋಲ್ಡ್ ಕಟ್ಟುವವರು ಬಿಡಿಸುವ ಒಗಟು ಮೂಲದಲ್ಲಿ ಆ ಹಡಗಿನ ಎಂಜಿನ್ನಿನದೇ.

ಬಡಿತ ಎಂಬ ಮಾತನ್ನು ಇಲ್ಲಿ ಬಿಡಿಸಿ ಹೇಳುವುದು ಅಗತ್ಯ. ಸಿಲಿಂಡರಿನಿಂದ ಹೊಗೆ ನಲ್ಲಿಯ ನೀರಿನಂತೆ ಒಂದೇ ಸಮನೆ ಹರಿಯುವುದಿಲ್ಲ. ಹೊಗೆಯ ಕವಾಟ ತೆರೆಯುವ ಕ್ಷಣದಲ್ಲಿ ಒಳಗಿನ ಒತ್ತಡ ವಾತಾವರಣದ ಒತ್ತಡದ ಹಲವು ಪಟ್ಟು ಇರುತ್ತದೆ. ಆದ್ದರಿಂದ ಮೊದಲ ಪಾಲು ಸಿಡಿದಂತೆ ಹೊರಚಿಮ್ಮುತ್ತದೆ, ಉಳಿದದ್ದನ್ನು ಪಿಸ್ಟನ್ ಮೇಲಕ್ಕೆ ಬರುತ್ತಾ ನಿಧಾನವಾಗಿ ತಳ್ಳುತ್ತದೆ. ಸಾಮಾನ್ಯ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡದ ಪ್ರತಿ 180 ಡಿಗ್ರಿ ತಿರುವಿಗೆ ಇಂಥ ಒಂದು ಸಿಡಿತ ಆಗುತ್ತದೆ. ಆದರೆ ಒಂದೊಂದು ಕವಾಟವೂ ತೆರೆದಿರುವ ಅವಧಿ ಸುಮಾರು 240 ಡಿಗ್ರಿ. ಎಂದರೆ, ಒಂದು ಸಿಲಿಂಡರಿನ ಕವಾಟ ಮುಚ್ಚುವ ಮೊದಲೇ ಸರದಿಯಲ್ಲಿ ಮುಂದಿರುವ ಸಿಲಿಂಡರಿನ ಕವಾಟ ತೆರೆದಿರುತ್ತದೆ. ನಾಲ್ಕೂ ಕೊಳವೆಗಳು ಹತ್ತಿರದಲ್ಲೇ ಒಂದಾಗಿಬಿಟ್ಟಿದ್ದರೆ, ಹೊಸ ಸಿಡಿತದ ಒತ್ತಡ ಟರ್ಬೈನಿನ ಕಡೆಗೆ ಮಾತ್ರ ಹೋಗದೆ, ಸರದಿಯಲ್ಲಿ ಹಿಂದಿರುವ, ಇನ್ನೂ ಬಾಯಿ ಮುಚ್ಚದ ಸಿಲಿಂಡರಿನೊಳಕ್ಕೂ ನುಗ್ಗುತ್ತದೆ. ಅಲ್ಲಿ ತಾಜಾ ಗಾಳಿ ಸೇರಬೇಕಾದ ಜಾಗದಲ್ಲಿ ಸುಟ್ಟ ಹೊಗೆ ಉಳಿದುಬಿಡುತ್ತದೆ, ಮುಂದಿನ ಮಿಶ್ರಣ ಬಿಸಿಯಾಗುತ್ತದೆ, ಕಿಡಿ ಹೊತ್ತಿಸಿದ ಜ್ವಾಲೆ ತಲುಪುವ ಮುನ್ನವೇ ಮಿಶ್ರಣದ ಒಂದು ಭಾಗ ತಾನಾಗಿ ಸಿಡಿಯುವ ನಾಕಿಂಗ್ ಎಂಬ ಅಪಾಯ ಹೆಚ್ಚುತ್ತದೆ.

ಇದಕ್ಕೆ ಪರಿಹಾರ ಸಿಡಿತದ ಸರದಿಯಲ್ಲೇ ಅಡಗಿದೆ. ಸರದಿ 1-3-4-2 ಆಗಿರುವ ಎಂಜಿನ್ನಿನಲ್ಲಿ 1 ಮತ್ತು 4ನೆಯ ಸಿಲಿಂಡರುಗಳನ್ನು ಒಂದು ಜೋಡಿಯಾಗಿಯೂ 2 ಮತ್ತು 3ನೆಯವನ್ನು ಇನ್ನೊಂದು ಜೋಡಿಯಾಗಿಯೂ ಬೇರ್ಪಡಿಸಿದರೆ, ಒಂದು ಜೋಡಿಯೊಳಗಿನ ಎರಡು ಸಿಡಿತಗಳ ನಡುವೆ 360 ಡಿಗ್ರಿಗಳ ಅಂತರ ಸಿಗುತ್ತದೆ, ಅಡ್ಡಿ ತಪ್ಪುತ್ತದೆ. ಟರ್ಬೈನಿನ ಬಾಯಿಯವರೆಗೂ ಈ ಎರಡು ದಾರಿಗಳನ್ನು ಬೇರೆಯಾಗಿಯೇ ಒಯ್ಯುವ ವಿನ್ಯಾಸಕ್ಕೆ ಟ್ವಿನ್ ಸ್ಕ್ರೋಲ್ ಎನ್ನುತ್ತಾರೆ. ಸಾಲಾಗಿ ಆರು ಸಿಲಿಂಡರುಗಳಿರುವ ಎಂಜಿನ್ನಿಗೆ ಇದು ಇನ್ನೂ ಸುಲಭ. ಅಲ್ಲಿ ಮುಂದಿನ ಮೂರು ಒಂದು ಗುಂಪು, ಹಿಂದಿನ ಮೂರು ಇನ್ನೊಂದು ಗುಂಪು ಆದರೆ ಪ್ರತಿ ಗುಂಪಿನೊಳಗೆ 240 ಡಿಗ್ರಿಗಳ ಅಂತರ ತಾನಾಗಿಯೇ ದೊರೆಯುತ್ತದೆ.

ವಿಶೇಷವಾಗಿ ಕಟ್ಟಿಸುವ ಮ್ಯಾನಿಫೋಲ್ಡಿನ ಗುಣಗಾನದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವುದು ಸಮಾನ ಉದ್ದದ ಕೊಳವೆಗಳು ಎಂಬ ಮಾತು. ಪ್ರತಿ ಸಿಲಿಂಡರಿನಿಂದ ಟರ್ಬೈನಿಗೆ ಹೋಗುವ ದಾರಿ ಒಂದೇ ಅಳತೆಯದಾಗಿದ್ದರೆ ಬಡಿತಗಳು ಸಮಾನ ಅಂತರದಲ್ಲಿ ತಲುಪುತ್ತವೆ ಎಂಬ ವಾದದಲ್ಲಿ ತಪ್ಪಿಲ್ಲ. ಆದರೆ ಅದರ ಬೆಲೆ ಎಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ಸುಮಾರು 900 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹೊಗೆಯೊಳಗಿನ ಒತ್ತಡದ ಅಲೆ ಸೆಕೆಂಡಿಗೆ 650 ಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಸಾಗುತ್ತದೆ. ಒಂದು ಕೊಳವೆ ಇನ್ನೊಂದಕ್ಕಿಂತ 10 ಸೆಂಟಿಮೀಟರ್ ಉದ್ದವಾಗಿದ್ದರೆ ಅದರ ಬಡಿತ ತಡವಾಗುವುದು ಒಂದು ಸೆಕೆಂಡಿನ ಹತ್ತು ಸಾವಿರ ಭಾಗಗಳಲ್ಲಿ ಒಂದೂವರೆ ಭಾಗದಷ್ಟು ಮಾತ್ರ. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಆ ಅವಧಿಯಲ್ಲಿ ಕ್ರ್ಯಾಂಕ್ ದಂಡ ತಿರುಗುವುದು ಸುಮಾರು ಐದೂವರೆ ಡಿಗ್ರಿ. ಬಡಿತಗಳ ನಡುವಿನ ಅಂತರ 180 ಡಿಗ್ರಿ ಇರುವಾಗ ಈ ಐದೂವರೆ ಡಿಗ್ರಿಗಾಗಿ ಎಂಜಿನ್ ಕೋಣೆಯ ಇಕ್ಕಟ್ಟಿನಲ್ಲಿ ಕೊಳವೆಗಳನ್ನು ಹಾವಿನ ಸುರುಳಿಯಂತೆ ಸುತ್ತಿಸುವುದು ರೇಸ್ ಎಂಜಿನ್ನಿಗೆ ಸಮರ್ಥನೀಯವಾದೀತು, ರಸ್ತೆಯ ಕಾರಿಗೆ ಅಲ್ಲ. ಯಾವ ಸಿಲಿಂಡರು ಯಾವುದರೊಂದಿಗೆ ಸೇರುತ್ತದೆ ಎಂಬುದು ಮೊದಲು ಕೇಳಬೇಕಾದ ಪ್ರಶ್ನೆ; ಉದ್ದದ ಸಮಾನತೆ ಅದರ ನಂತರದ್ದು, ಬಹಳ ನಂತರದ್ದು.

ಟರ್ಬೊ ಇಲ್ಲದ ಎಂಜಿನ್ನುಗಳ ತಿಳಿವಳಿಕೆಯನ್ನು ಇಲ್ಲಿಗೆ ಹಾಗೆಯೇ ತರುವುದರಿಂದ ಈ ಗೊಂದಲ ಹುಟ್ಟಿರಬೇಕು. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಹೊಗೆಕೊಳವೆಯ ತುದಿ ಅಗಲವಾದ ಕೊಳವೆಗೆ ತೆರೆದುಕೊಳ್ಳುತ್ತದೆ, ಅಲ್ಲಿಂದ ಹಿಂದಿರುಗುವ ಅಲೆ ಒತ್ತಡ ತಗ್ಗಿದ ಅಲೆಯಾಗಿರುತ್ತದೆ, ಅದು ಸರಿಯಾದ ಹೊತ್ತಿಗೆ ಕವಾಟವನ್ನು ಮುಟ್ಟಿದರೆ ಸಿಲಿಂಡರಿನ ಹೊಗೆಯನ್ನು ಹೊರಗೆಳೆಯಲು ನೆರವಾಗುತ್ತದೆ. ಅದಕ್ಕಾಗಿಯೇ ಅಲ್ಲಿ ಉದ್ದವನ್ನು ಅಷ್ಟು ಎಚ್ಚರದಿಂದ ಹೊಂದಿಸುತ್ತಾರೆ. ಟರ್ಬೊ ಎಂಜಿನ್ನಿನಲ್ಲಿ ಕೊಳವೆಯ ತುದಿಯಲ್ಲಿ ಟರ್ಬೈನ್ ಕುಳಿತಿದೆ. ಅಲ್ಲಿಂದ ಹಿಂದಿರುಗುವುದು ಬಹುಮಟ್ಟಿಗೆ ಒತ್ತಡದ ಅಲೆಯೇ ಆದ್ದರಿಂದ ಎಳೆತದ ಲಾಭವನ್ನು ನೆಚ್ಚಿ ಲೆಕ್ಕ ಹಾಕುವಂತಿಲ್ಲ. ಮೇಲಾಗಿ ಕೊಳವೆ ಉದ್ದವಾದಷ್ಟೂ ಒಳಗಿನ ಪರಿಮಾಣ ಹೆಚ್ಚುತ್ತದೆ, ಬಡಿತ ಹಿಗ್ಗಿ ಸಪ್ಪೆಯಾಗುತ್ತದೆ, ಹೊರಮೈ ಹೆಚ್ಚಾದ್ದರಿಂದ ಶಾಖವೂ ಸೋರುತ್ತದೆ. ಕಾರ್ಖಾನೆಯ ಗಿಡ್ಡ ಎರಕ ಪೇಟೆಯ ಸಂಚಾರದಲ್ಲಿ, ಕಡಿಮೆ ವೇಗದಲ್ಲಿ ಬೇಗ ಒತ್ತಡ ಕಟ್ಟಿಕೊಡುವುದು ಈ ಕಾರಣದಿಂದ. ಎಲ್ಲ ಕೊಳವೆಗಳೂ ಒಂದೇ ನೇರ ಕೊಳವೆಗೆ ಬಂದು ಸೇರುವ ಈ ಬಗೆಗೆ ಲಾಗ್ ಮ್ಯಾನಿಫೋಲ್ಡ್ ಎಂಬ ಹೆಸರಿದೆ. ಹವ್ಯಾಸಿಗಳು ಆ ಹೆಸರನ್ನು ತಾತ್ಸಾರದಿಂದ ಹೇಳುವುದುಂಟು. ಆ ತಾತ್ಸಾರಕ್ಕೆ ಅದು ಅರ್ಹವಲ್ಲ. ಹೆಚ್ಚಿನ ಸುತ್ತುಗಳಲ್ಲಿ, ಹೆಚ್ಚಿನ ಹರಿವಿನಲ್ಲಿ ಮಾತ್ರ ಅದರ ಕೊರತೆ ಕಾಣಿಸಿಕೊಳ್ಳುತ್ತದೆ.

ಹಾಗಾದರೆ ಕೊರತೆ ನಿಜವಾಗಿ ಮ್ಯಾನಿಫೋಲ್ಡಿನಲ್ಲೇ ಇದೆ ಎಂದು ತಿಳಿಯುವುದು ಹೇಗೆ? ಬಹುಪಾಲು ಜನ ಕೇಳದೆ ಬಿಡುವ ಪ್ರಶ್ನೆ ಇದು, ಉತ್ತರಿಸಲು ಹೆಚ್ಚು ಖರ್ಚೂ ಇಲ್ಲ. ಟರ್ಬೈನಿನ ಬಾಯಿಯ ಹತ್ತಿರ ಮ್ಯಾನಿಫೋಲ್ಡಿಗೆ ಸಣ್ಣದೊಂದು ರಂಧ್ರ ಕೊರೆದು, ಅದಕ್ಕೆ ತೆಳುವಾದ ಉಕ್ಕಿನ ನಳಿಗೆ ಜೋಡಿಸಿ, ಬಿಸಿ ಆರುವಂತೆ ಅದನ್ನು ಮಾರುದ್ದ ಸುರುಳಿ ಸುತ್ತಿಸಿ ಒತ್ತಡಮಾಪಕಕ್ಕೆ ಕೊಟ್ಟರೆ, ಟರ್ಬೈನಿನ ಮುಂದೆ ಹೊಗೆ ಎಷ್ಟು ಒತ್ತಡದಲ್ಲಿ ಕಟ್ಟಿಕೊಂಡಿದೆ ಎಂಬುದು ಗೊತ್ತಾಗುತ್ತದೆ. ಇದೇ ಹಿಮ್ಮುಖ ಒತ್ತಡ. ಕಂಪ್ರೆಸರ್ ಕಡೆಯಲ್ಲಿ ಗಾಳಿಗೆ ಸಿಕ್ಕಿರುವ ಹೆಚ್ಚುವರಿ ಒತ್ತಡಕ್ಕೆ ಬೂಸ್ಟ್ ಎನ್ನುತ್ತಾರೆ. ಚೆನ್ನಾಗಿ ಹೊಂದಿಕೊಂಡ ಜೋಡಣೆಯಲ್ಲಿ ಹಿಮ್ಮುಖ ಒತ್ತಡ ಬೂಸ್ಟಿನಷ್ಟೇ ಅಥವಾ ಅದರ ಒಂದೂವರೆ ಪಟ್ಟಿನೊಳಗೆ ಇರುತ್ತದೆ. ಎರಡು ಪಟ್ಟು ದಾಟಿತೆಂದರೆ ಎಂಜಿನ್ ತನ್ನ ಹೊಗೆಯನ್ನು ತಳ್ಳುವುದರಲ್ಲೇ ಬಸವಳಿಯುತ್ತಿದೆ ಎಂದು ತಿಳಿಯಬೇಕು.

ಆದರೆ ಈ ಒಂದು ಅಳತೆ ಸಾಲದು. ಇಲ್ಲಿಯೇ ಅನೇಕರು ಎಡವುತ್ತಾರೆ. ಹಿಮ್ಮುಖ ಒತ್ತಡ ಹೆಚ್ಚಿದೆ ಎಂದು ಕಂಡ ಕೂಡಲೆ ಮ್ಯಾನಿಫೋಲ್ಡ್ ಬದಲಿಸಲು ಹೊರಡುವವರು, ಆ ಒತ್ತಡದ ದೊಡ್ಡ ಪಾಲು ಟರ್ಬೈನ್ ಮತ್ತು ಅದರ ಶಂಖಾಕಾರದ ಹೊರಕವಚದ್ದು ಎಂಬುದನ್ನು ಮರೆಯುತ್ತಾರೆ. ಇನ್ನೊಂದು ರಂಧ್ರವನ್ನು ಸಿಲಿಂಡರಿನ ಬಾಯಿಯ ಹತ್ತಿರ, ಎಂದರೆ ಮ್ಯಾನಿಫೋಲ್ಡಿನ ಆರಂಭದಲ್ಲಿ ಕೊರೆದು ಎರಡೂ ಕಡೆ ಒಟ್ಟಿಗೆ ಅಳೆಯಬೇಕು. ಉದಾಹರಣೆಗೆ ಬೂಸ್ಟ್ 1.2 ಬಾರ್ ಇರುವಾಗ ಟರ್ಬೈನಿನ ಬಾಯಲ್ಲಿ 2.4 ಬಾರ್, ಸಿಲಿಂಡರಿನ ಬಾಯಲ್ಲಿ 2.5 ಬಾರ್ ತೋರಿದರೆ, ಮ್ಯಾನಿಫೋಲ್ಡ್ ತಿಂದುಹಾಕುತ್ತಿರುವುದು 0.1 ಬಾರ್ ಮಾತ್ರ; ಉಳಿದ ಒತ್ತಡವೆಲ್ಲ ಟರ್ಬೈನಿನದು. ಮಾಪಕ ತೋರುವುದು ಏರಿಳಿಯುವ ಬಡಿತಗಳ ಸರಾಸರಿಯನ್ನಾದ್ದರಿಂದ ಈ ಅಂಕಿಗಳನ್ನು ಗೆರೆ ಕೊರೆದಷ್ಟು ನಿಖರವೆಂದು ಭಾವಿಸಬಾರದು. ಆದರೂ ದೋಷ ಯಾವ ಕಡೆಗಿದೆ ಎಂದು ತೋರಿಸಲು ಅಷ್ಟು ಸಾಕು. ಇಂಥ ಕಾರಿಗೆ ಅತ್ಯುತ್ತಮ ಮ್ಯಾನಿಫೋಲ್ಡ್ ಕಟ್ಟಿಸುವುದೆಂದರೆ, ಕೆರೆಯ ತೂಬು ಕಿರಿದಾಗಿರುವಾಗ ಕಾಲುವೆಯನ್ನು ಅಗಲ ಮಾಡಿದಂತೆ. ಆ ಹಣವನ್ನು ದೊಡ್ಡ ಕವಚಕ್ಕೋ ಹೊಂದುವ ಟರ್ಬೈನಿಗೋ ಹಾಕಿದರೆ ಫಲ ಕೂಡಲೆ ಕಾಣುತ್ತದೆ.

ಟರ್ಬೈನಿನಿಂದ ಆಚೆಗಿನ ಹೊಗೆಕೊಳವೆ, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ಇಂಧನ ಪೂರೈಕೆ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಹೊಂದಾಣಿಕೆ, ಕ್ಲಚ್ಚು ಇವೆಲ್ಲವೂ ಮ್ಯಾನಿಫೋಲ್ಡಿಗಿಂತ ಮೊದಲು ಪರೀಕ್ಷೆಗೆ ಒಳಗಾಗಬೇಕು. ಇವುಗಳಲ್ಲಿ ಯಾವೊಂದು ಹಿಂದೆ ಬಿದ್ದಿದ್ದರೂ ಹೊಸ ಮ್ಯಾನಿಫೋಲ್ಡಿನ ಲಾಭ ಕೈಗೆ ಸಿಗುವುದಿಲ್ಲ.

ಕೆಲವು ಪ್ರಸಿದ್ಧ ಎಂಜಿನ್ನುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಿರ್ಧಾರದ ಸ್ವರೂಪ ಸ್ಪಷ್ಟವಾಗುತ್ತದೆ. ಮಿತ್ಸುಬಿಷಿ ಲ್ಯಾನ್ಸರ್ ಎವೊಲ್ಯೂಷನ್ ಕಾರಿನ 1997 ಸಿ.ಸಿ. ಸಾಮರ್ಥ್ಯದ 4ಜಿ63 ಎಂಜಿನ್ನಿಗೆ 1996ರಲ್ಲಿ ಬಂದ ನಾಲ್ಕನೆಯ ಆವೃತ್ತಿಯಿಂದಲೇ ಕಾರ್ಖಾನೆಯಲ್ಲೇ ಟ್ವಿನ್ ಸ್ಕ್ರೋಲ್ ವ್ಯವಸ್ಥೆ ಬಂದಿತು. ರ‍್ಯಾಲಿಯ ಅಗತ್ಯಗಳನ್ನು ಮುಂದಿಟ್ಟುಕೊಂಡು ರೂಪಿಸಿದ ಆ ಎರಕದ ಮ್ಯಾನಿಫೋಲ್ಡ್ ಸಿಲಿಂಡರುಗಳನ್ನು ಸರಿಯಾದ ಜೋಡಿಗಳಲ್ಲಿ ಬೇರ್ಪಡಿಸುತ್ತದೆ, ಶಾಖವನ್ನು ತಾಳುತ್ತದೆ, ಟರ್ಬೊದ ಭಾರವನ್ನೂ ಹೊರುತ್ತದೆ. 280 ಅಶ್ವಶಕ್ತಿಯೆಂದು ಮಾರಾಟವಾಗುತ್ತಿದ್ದ ಆ ಎಂಜಿನ್ನನ್ನು 400ರ ಆಸುಪಾಸಿಗೆ ಒಯ್ಯುವಾಗಲೂ ಆ ಎರಕ ದೊಡ್ಡ ಅಡ್ಡಿಯಾಗುವುದಿಲ್ಲ. ಮೂಲ ಫ್ಲ್ಯಾಂಜಿಗೇ, ಎಂದರೆ ಬೋಲ್ಟುಗಳಿಂದ ಬಿಗಿಯುವ ಮೂಲ ಚಪ್ಪಟೆ ತಳಕ್ಕೇ ಕೂರುವ ದೊಡ್ಡ ಟರ್ಬೊಗಳು ದೊರೆಯುತ್ತವೆ. ಇಂಥ ಕಾರಿನ ಮಾಲೀಕ ಬೆಸುಗೆಯ ಮ್ಯಾನಿಫೋಲ್ಡಿಗೆ ಹಣ ಕೊಟ್ಟರೆ, ಒಳ್ಳೆಯದೊಂದನ್ನು ತೆಗೆದು ಅದಕ್ಕಿಂತ ಬೇಗ ಬಿರುಕು ಬಿಡುವುದನ್ನು ಕೂರಿಸಿದಂತಾಗುವ ಸಂಭವವೇ ಹೆಚ್ಚು.

ಟೊಯೊಟಾ ಸುಪ್ರಾದ 2ಜೆಝಡ್-ಜಿಟಿಇ ಎಂಜಿನ್ನಿನ ಕಥೆ ಬೇರೆ. ಮೂರು ಲೀಟರಿನ, ಆರು ಸಿಲಿಂಡರುಗಳ ಆ ಎಂಜಿನ್ನಿನಲ್ಲಿ ಕಡಿಮೆ ವೇಗದಲ್ಲಿ ಒಂದು ಟರ್ಬೊ, ಹೆಚ್ಚಿನ ವೇಗದಲ್ಲಿ ಎರಡೂ ಕೆಲಸ ಮಾಡುವಂತಹ ಸರದಿಯ ಜೋಡಣೆ ಇತ್ತು. ಅವೆರಡನ್ನು ತೆಗೆದು ಒಂದೇ ದೊಡ್ಡ ಟರ್ಬೊ ಹಾಕಬೇಕೆಂದರೆ ಹಳೆಯ ಮ್ಯಾನಿಫೋಲ್ಡ್ ಯಾವ ರೀತಿಯಲ್ಲೂ ಉಪಯೋಗಕ್ಕೆ ಬಾರದು. ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಕಾರಿನ 2568 ಸಿ.ಸಿ. ಆರ್‌ಬಿ26 ಎಂಜಿನ್ನಿನಲ್ಲಿ ಮುಂದಿನ ಮೂರು ಸಿಲಿಂಡರುಗಳಿಗೊಂದು, ಹಿಂದಿನ ಮೂರಕ್ಕೊಂದು ಎಂಬಂತೆ ಎರಡು ಟರ್ಬೊಗಳಿದ್ದವು; ಅಲ್ಲಿಯೂ ಒಂಟಿ ಟರ್ಬೊಗೆ ಹೋಗುವವರು ಹೊಸ ಮ್ಯಾನಿಫೋಲ್ಡ್ ಹಾಕಲೇಬೇಕು. ಇಂಥಲ್ಲಿ ಕಟ್ಟಬೇಕೇ ಬೇಡವೇ ಎಂಬ ಪ್ರಶ್ನೆ ಹಿಂದೆ ಸರಿದು, ಸಿದ್ಧವಾಗಿ ಮಾರುಕಟ್ಟೆಯಲ್ಲಿ ಸಿಗುವುದು ಸಾಕೇ ಅಥವಾ ಆ ಕಾರಿಗೆಂದೇ ಕಟ್ಟಿಸಬೇಕೇ ಎಂಬುದು ಮಾತ್ರ ಉಳಿಯುತ್ತದೆ. ಟರ್ಬೊವನ್ನು ರೂಢಿಯಲ್ಲಿಲ್ಲದ ಜಾಗದಲ್ಲಿ ಕೂರಿಸಬೇಕಾಗಿ ಬಂದಾಗ, ಅಥವಾ ಟರ್ಬೊವೇ ಇಲ್ಲದ ಎಂಜಿನ್ನಿಗೆ ಮೊದಲ ಬಾರಿ ಅದನ್ನು ಜೋಡಿಸುವಾಗ, ವಿಶೇಷ ಮ್ಯಾನಿಫೋಲ್ಡಿಗೆ ನಿಜವಾದ ಕಾರಣ ಹುಟ್ಟುತ್ತದೆ.

ಇನ್ನು ಭಾರತದಲ್ಲಿ ಇಂದು ಓಡಾಡುತ್ತಿರುವ ಎಷ್ಟೋ ಸಣ್ಣ ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಈ ಚರ್ಚೆಗೇ ಎಡೆಯಿಲ್ಲ. ಫೋರ್ಡ್ ಸಂಸ್ಥೆಯ 1.0 ಲೀಟರ್ ಇಕೋಬೂಸ್ಟ್, ಫೋಕ್ಸ್‌ವ್ಯಾಗನ್ ಬಳಗದ 1.0 ಲೀಟರ್ ಟಿಎಸ್‌ಐ ಎಂಜಿನ್ನುಗಳಲ್ಲಿ ಹೊಗೆಯ ಮ್ಯಾನಿಫೋಲ್ಡನ್ನು, ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಸಿಲಿಂಡರ್ ಹೆಡ್ಡಿನ ಎರಕದೊಳಗೇ ಸೇರಿಸಲಾಗಿದೆ. ಅದರ ಸುತ್ತ ತಂಪುನೀರು ಹರಿಯುತ್ತದೆ, ಟರ್ಬೊ ನೇರವಾಗಿ ಹೆಡ್ಡಿಗೇ ಕೂರುತ್ತದೆ. ಬಿಚ್ಚಿ ಬದಲಿಸಲು ಅಲ್ಲಿ ಪ್ರತ್ಯೇಕವಾದ ಮ್ಯಾನಿಫೋಲ್ಡೇ ಇಲ್ಲ.

ಕಟ್ಟಿಸುವುದು ಸರಿ ಎಂದು ಅಳತೆಗಳು ಹೇಳಿದ ಮೇಲೆ, ಯಶಸ್ಸು ನಿಂತಿರುವುದು ಹರಿವಿನ ಸೂಕ್ಷ್ಮಗಳ ಮೇಲಲ್ಲ, ಲೋಹ ಶಾಖಕ್ಕೆ ಹೇಗೆ ವರ್ತಿಸುತ್ತದೆ ಎಂಬುದರ ಮೇಲೆ. ಪೆಟ್ರೋಲ್ ಎಂಜಿನ್ನಿನ ಹೊಗೆ ಪೂರ್ಣ ಹೊರೆಯಲ್ಲಿ 900ರಿಂದ 1000 ಡಿಗ್ರಿಯವರೆಗೂ ಬಿಸಿಯೇರುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ 300 ಮಿಲಿಮೀಟರ್ ಉದ್ದದ ಕೊಳವೆಯೊಂದು 800 ಡಿಗ್ರಿಯಷ್ಟು ಬಿಸಿಯಾದರೆ ಅದು ನಾಲ್ಕು ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಅದನ್ನು ಬಿಗಿದಿರುವ ಅಲ್ಯೂಮಿನಿಯಂ ಹೆಡ್ ನೀರಿನಿಂದ ತಣ್ಣಗಿರುವುದರಿಂದ ಅಷ್ಟೇ ಉದ್ದದಲ್ಲಿ ಅರ್ಧ ಮಿಲಿಮೀಟರಿನಷ್ಟು ಮಾತ್ರ ಹಿಗ್ಗುತ್ತದೆ. ಒಂದು ಕಡೆ ಹಿಗ್ಗಲೇಬೇಕೆನ್ನುವ ಕೊಳವೆ, ಇನ್ನೊಂದು ಕಡೆ ಬಿಡೆನೆನ್ನುವ ಬೋಲ್ಟುಗಳು. ಈ ಜಗ್ಗಾಟ ಕಾರು ಬಿಸಿಯಾಗಿ ತಣ್ಣಗಾಗುವ ಪ್ರತಿ ಸಲವೂ ನಡೆಯುತ್ತದೆ. ಬೆಸುಗೆಯ ಪಕ್ಕದಲ್ಲಿ ಬಿರುಕು ಬಿಡುವುದು, ಸ್ಟಡ್ಡುಗಳು ತುಂಡಾಗುವುದು, ಫ್ಲ್ಯಾಂಜ್ ಡೊಂಕಾಗಿ ಸಂದು ಮುಚ್ಚುವ ಗ್ಯಾಸ್ಕೆಟ್ ಸೋರುವುದು ಎಲ್ಲಕ್ಕೂ ಮೂಲ ಇದೇ. ಅನುಭವವುಳ್ಳವರು ಫ್ಲ್ಯಾಂಜನ್ನು ಒಂದೊಂದು ಸಿಲಿಂಡರಿನ ನಡುವೆ ಕೊಯ್ದು ಬಿಡಿಬಿಡಿಯಾಗಿಸುತ್ತಾರೆ, ಹೊರ ಅಂಚಿನ ಬೋಲ್ಟು ರಂಧ್ರಗಳನ್ನು ಸ್ವಲ್ಪ ಅಗಲವಾಗಿಡುತ್ತಾರೆ, ಕೊಳವೆಯಲ್ಲಿ ಒಂದರೊಳಗೊಂದು ಜಾರುವ ಕೀಲುಗಳನ್ನು ಇಡುತ್ತಾರೆ. ಹಿಗ್ಗುವಿಕೆಗೆ ಜಾಗ ಕೊಟ್ಟವರ ಮ್ಯಾನಿಫೋಲ್ಡ್ ಉಳಿಯುತ್ತದೆ.

ಲೋಹದ ಆಯ್ಕೆಯಲ್ಲೂ ಸುಲಭದ ಉತ್ತರವಿಲ್ಲ. ಸುಲಭವಾಗಿ ಸಿಗುವ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನು ಸುಮಾರು 450ರಿಂದ 850 ಡಿಗ್ರಿಗಳ ನಡುವೆ ಹೆಚ್ಚು ಹೊತ್ತು ಇರಿಸಿದರೆ, ಅದರೊಳಗಿನ ಇಂಗಾಲ ಕ್ರೋಮಿಯಂನೊಂದಿಗೆ ಸೇರಿ ಲೋಹದ ಹರಳುಗಳ ಅಂಚಿನಲ್ಲಿ ಕೂರುತ್ತದೆ, ಆ ಅಂಚುಗಳು ತುಕ್ಕಿಗೂ ಬಿರುಕಿಗೂ ಈಡಾಗುತ್ತವೆ. 321 ದರ್ಜೆಯಲ್ಲಿ ಟೈಟಾನಿಯಂ, 347ರಲ್ಲಿ ನಿಯೋಬಿಯಂ ಬೆರೆಸಿ ಇಂಗಾಲವನ್ನು ಮೊದಲೇ ಹಿಡಿದಿಡಲಾಗಿರುತ್ತದೆ. ಆದ್ದರಿಂದ ದೀರ್ಘ ಬಾಳಿಕೆ ಬಯಸುವವರು ಅವುಗಳಿಗೆ ಹೋಗುತ್ತಾರೆ. ನಿಕ್ಕಲ್ ಪ್ರಧಾನವಾದ ಇಂಕೊನೆಲ್ 625 ಇನ್ನೂ ಮೇಲಿನದು, ಬೆಲೆಯೂ ಹಾಗೆಯೇ. ತೆಳುವಾದ ದುಬಾರಿ ಕೊಳವೆಗಿಂತ, 3.56 ಮಿಲಿಮೀಟರ್ ಗೋಡೆಯ ದಪ್ಪನೆಯ ಸಾದಾ ಉಕ್ಕಿನ ಉಗಿಕೊಳವೆಯ ಮೊಣಕೈ ತುಂಡುಗಳಿಂದ ಕಟ್ಟಿದ, ನೋಡಲು ಸೊಗಸಿಲ್ಲದ ಮ್ಯಾನಿಫೋಲ್ಡ್ ರಸ್ತೆಯ ಕಾರಿನಲ್ಲಿ ಹೆಚ್ಚು ಕಾಲ ಬಾಳಿದ ಉದಾಹರಣೆಗಳು ಧಾರಾಳವಾಗಿವೆ. ಸಾದಾ ಉಕ್ಕು ಸ್ಟೇನ್‌ಲೆಸ್‌ಗಿಂತ ಕಡಿಮೆ ಹಿಗ್ಗುತ್ತದೆ ಎಂಬುದೂ ಅದಕ್ಕೊಂದು ಕಾರಣ.

ಬೆಸುಗೆಯ ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ವಿದ್ಯುತ್ ಚಾಪ ಹೊಮ್ಮಿಸಿ, ಸುತ್ತ ಆರ್ಗಾನ್ ಅನಿಲದ ರಕ್ಷಣೆ ಕೊಟ್ಟು ಮಾಡುವ ಟಿಗ್ ವೆಲ್ಡಿಂಗ್ ಇಲ್ಲಿ ರೂಢಿಯಲ್ಲಿರುವ ವಿಧಾನ. ಸ್ಟೇನ್‌ಲೆಸ್ ಕೊಳವೆಯನ್ನು ಬೆಸೆಯುವಾಗ ಹೊರಗೆ ಮಾತ್ರವಲ್ಲ, ಕೊಳವೆಯ ಒಳಗೂ ಆರ್ಗಾನ್ ತುಂಬಿಸಬೇಕು. ಹಾಗೆ ಮಾಡದಿದ್ದರೆ ಬೆಸುಗೆಯ ಒಳಮೈ ಗಾಳಿಯ ಆಮ್ಲಜನಕದಿಂದ ಸುಟ್ಟು, ಸಕ್ಕರೆ ಹರಳಿನಂತೆ ಒರಟೊರಟಾಗಿ ನಿಲ್ಲುತ್ತದೆ. ಅದು ಹೊರಗಿನಿಂದ ಕಾಣುವುದಿಲ್ಲ. ಅಂಥ ಒಂದು ಕಣ ಕಳಚಿ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಟರ್ಬೈನಿಗೆ ತಗುಲಿದರೆ, ಮ್ಯಾನಿಫೋಲ್ಡಿನಲ್ಲಿ ಉಳಿಸಿದ ಹಣ ಟರ್ಬೊದಲ್ಲಿ ಹೋಗುತ್ತದೆ. ಕೆಲಸ ಒಪ್ಪಿಸುವ ಮೊದಲು ಗ್ರಾಹಕ ಕೇಳಬೇಕಾದ ಮೊದಲ ಪ್ರಶ್ನೆ ಕೊಳವೆಯ ಒಳಗೆ ಆರ್ಗಾನ್ ಬಿಡುತ್ತೀರಾ ಎಂಬುದು. ಹಿಂಜರಿಕೆಯ ಉತ್ತರ ಬಂದರೆ ಬೇರೆಡೆಗೆ ಹೋಗುವುದು ಲೇಸು.

ಅಷ್ಟೇ ಅಲಕ್ಷ್ಯಕ್ಕೆ ಒಳಗಾಗುವ ಇನ್ನೊಂದು ಅಂಗ ವೇಸ್ಟ್‌ಗೇಟ್. ಬೂಸ್ಟ್ ಗೊತ್ತುಪಡಿಸಿದ ಮಟ್ಟ ಮುಟ್ಟಿದಾಗ ತೆರೆದು, ಹೆಚ್ಚುವರಿ ಹೊಗೆಯನ್ನು ಟರ್ಬೈನಿನಿಂದ ತಪ್ಪಿಸಿ ಬೇರೆ ದಾರಿಗೆ ಬಿಡುವ ಕವಾಟವಿದು. ಹೊಗೆ ಹರಿಯುವ ದಿಕ್ಕಿನಲ್ಲೇ, ಎಲ್ಲ ಕೊಳವೆಗಳೂ ಕೂಡುವ ಜಾಗದಿಂದ ಓರೆಯಾಗಿ ಇದರ ಕವಲು ಹೊರಡಬೇಕು. ಜಾಗ ಸಿಕ್ಕಲ್ಲಿ ಲಂಬವಾಗಿ ಅಂಟಿಸಿಬಿಟ್ಟರೆ ಹೊಗೆ ಆ ತಿರುವನ್ನು ಹಿಡಿಯದೆ ಟರ್ಬೈನಿಗೇ ನುಗ್ಗುತ್ತದೆ, ಕವಾಟ ಪೂರ್ತಿ ತೆರೆದಿದ್ದರೂ ಬೂಸ್ಟ್ ತಾನಾಗಿ ಏರುತ್ತಲೇ ಹೋಗುತ್ತದೆ. ಎಂಜಿನ್ ಒಡೆಯುವವರೆಗೂ ಹೋಗಬಹುದು. ಟ್ವಿನ್ ಸ್ಕ್ರೋಲ್ ವಿನ್ಯಾಸದಲ್ಲಿ ಎರಡೂ ದಾರಿಗಳಿಗೆ ಇಂಥ ಬಿಡುಗಡೆ ಬೇಕು, ಆದರೆ ಅದರ ಮೂಲಕ ಅವೆರಡೂ ಒಂದಾಗಿಬಿಡಬಾರದು. ಟರ್ಬೊದ ಭಾರವನ್ನು ಮ್ಯಾನಿಫೋಲ್ಡಿನ ಮೇಲಷ್ಟೇ ಹೊರಿಸದೆ, ಎಂಜಿನ್ ಬ್ಲಾಕಿನಿಂದ ಒಂದು ಆನಿಕೆ ಕೊಡುವುದೂ ಕಡ್ಡಾಯ.

ಕರ್ನಾಟಕದ ಓದುಗರಿಗೆ ಇಲ್ಲಿ ಒಂದು ಅನುಕೂಲವಿದೆ. ಬೆಂಗಳೂರಿನ ಪೀಣ್ಯದಲ್ಲಿ ಫ್ಲ್ಯಾಂಜನ್ನು ಲೇಸರಿನಿಂದ ಕತ್ತರಿಸುವ, ಬೆಸುಗೆಯ ನಂತರ ಡೊಂಕಾದ ಮುಖವನ್ನು ಯಂತ್ರದಲ್ಲಿ ಸಮ ಮಾಡಿಕೊಡುವ, ನುರಿತ ಟಿಗ್ ಬೆಸುಗೆಯ ಕೆಲಸ ಮಾಡುವ ಕಾರ್ಯಾಗಾರಗಳ ದಟ್ಟಣೆ ದೇಶದ ಕೆಲವೇ ಊರುಗಳಲ್ಲಿ ಇರುವಂಥದು. ಬೆಳಗಾವಿ ಎರಕದ ಉದ್ಯಮಕ್ಕೆ ಹೆಸರಾದ ಊರು. ಒಂದೇ ಮಾದರಿಯ ಕಾರಿನ ಹಲವು ಮಾಲೀಕರು ಸೇರಿಕೊಂಡರೆ, ಸಿಲಿಕಾನ್ ಮತ್ತು ಮಾಲಿಬ್ಡಿನಂ ಬೆರೆತ, ಶಾಖ ತಾಳುವ ಬೀಡುಕಬ್ಬಿಣದಲ್ಲಿ ಸಣ್ಣ ಸಂಖ್ಯೆಯ ಮ್ಯಾನಿಫೋಲ್ಡುಗಳನ್ನು ಎರಕ ಹೊಯ್ಯಿಸುವುದು ಒಂಟಿ ಬೆಸುಗೆಯ ಕೆಲಸಕ್ಕಿಂತ ಉತ್ತಮ ಹಾದಿಯಾಗಬಲ್ಲದು. ಮರಳಿನ ಅಚ್ಚುಗಳನ್ನೇ ಕಂಪ್ಯೂಟರ್ ಚಿತ್ರದಿಂದ ನೇರವಾಗಿ ಮುದ್ರಿಸುವ ತಂತ್ರ ಬಂದ ಮೇಲೆ ಮರದ ಮಾದರಿ ಕೆತ್ತಿಸುವ ಖರ್ಚೂ ತಪ್ಪುತ್ತದೆ. ಈ ಹಾದಿಯತ್ತ ಇಲ್ಲಿನ ಹವ್ಯಾಸಿಗಳು ಗಮನ ಹರಿಸಬೇಕು.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಟರ್ಬೊ ಇಲ್ಲದ ಕಾರಿಗೆ ಟರ್ಬೊ ಜೋಡಿಸಿ ಸಾರ್ವಜನಿಕ ರಸ್ತೆಗೆ ತರುವವರು ಈ ಕಾನೂನನ್ನೂ ವಿಮೆಯ ಷರತ್ತುಗಳನ್ನೂ ಮೊದಲೇ ಓದಿಕೊಂಡಿರಬೇಕು. ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇಯಂತಹ ಮುಚ್ಚಿದ ಟ್ರ್ಯಾಕುಗಳಲ್ಲಿ ಮಾತ್ರ ಓಡುವ ಕಾರುಗಳ ಲೆಕ್ಕ ಬೇರೆ, ಅಲ್ಲಿ ಸ್ಪರ್ಧೆಯ ನಿಯಮಗಳು ಅನ್ವಯವಾಗುತ್ತವೆ.

ಬೆಸುಗೆಯ ಮ್ಯಾನಿಫೋಲ್ಡನ್ನು ಒಮ್ಮೆ ಬಿಗಿದು ಮರೆತುಬಿಡಲು ಬರುವುದಿಲ್ಲ ಎಂಬುದನ್ನು ಕಟ್ಟಿಸುವವರು ಮುಂಚೆಯೇ ಒಪ್ಪಿಕೊಂಡಿರಬೇಕು. ಮೊದಲ ಕೆಲವು ಸಲ ಎಂಜಿನ್ ಪೂರ್ತಿ ಬಿಸಿಯಾಗಿ ತಣ್ಣಗಾದ ಮೇಲೆ ಪ್ರತಿ ನಟ್ಟನ್ನೂ ಮತ್ತೆ ಬಿಗಿಯಬೇಕು, ಆಮೇಲೆ ಆಯಿಲ್ ಬದಲಿಸುವ ಪ್ರತಿ ಸಲವೂ ಬೆಸುಗೆಯ ಅಂಚುಗಳನ್ನು ದೀಪ ಹಿಡಿದು ನೋಡಬೇಕು, ಕೊಳವೆಗೆ ಶಾಖನಿರೋಧಕ ಪಟ್ಟಿ ಸುತ್ತಿದ್ದರೆ ಅದನ್ನು ಬಿಚ್ಚಿಯೇ ನೋಡಬೇಕು. ಏಕೆಂದರೆ ಆ ಪಟ್ಟಿ ಶಾಖವನ್ನು ಒಳಗೇ ಹಿಡಿದು ಲೋಹವನ್ನು ಇನ್ನಷ್ಟು ಬಿಸಿಮಾಡುತ್ತದೆ, ಬಿರುಕನ್ನು ಮರೆಮಾಡುತ್ತದೆ. ಇಷ್ಟು ಆರೈಕೆಗೆ ಬಿಡುವಿಲ್ಲದವರ ಕಾರಿಗೆ ಕಾರ್ಖಾನೆಯ ಎರಕವೇ ಸರಿಯಾದ ಮ್ಯಾನಿಫೋಲ್ಡ್.